ಮಗನದೇ ಹೊಕ್ಕುಳಬಳ್ಳಿ ರಕ್ತ ಕೂಡಿಟ್ಟಿದ್ದೇವೆ, ಥಲಸ್ಸೀಮಿಯಾಕ್ಕೆ ಅದು ಸಾಲದೇ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ, ತೂಕ 18 ಕೆ.ಜಿ. ಒಂಬತ್ತು ತಿಂಗಳ ಕೂಸಿದ್ದಾಗ ಬೀಟಾ ಥಲಸ್ಸೀಮಿಯಾ ಮೇಜರ್ ಅಂತ ಗೊತ್ತಾಯಿತು. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಮೈಯಲ್ಲಿ ಕಬ್ಬಿಣ ಎಷ್ಟು ಕೂತಿದೆಯೆಂದು ತೋರಿಸುವ ಫೆರಿಟಿನ್ 2,400 ಇದೆ. ಆ ಕಬ್ಬಿಣ ತೆಗೆಯಲು ಡೆಫೆರಾಸಿರಾಕ್ಸ್ ಮಾತ್ರೆ ಕೊಡುತ್ತೇವೆ, ಹೊಟ್ಟೆನೋವು ಅಂದಾಗ ನಾಲ್ಕೈದು ದಿನ ಬಿಟ್ಟುಬಿಡುತ್ತೇವೆ. ಅವನು ಹುಟ್ಟಿದಾಗ ಹೊಕ್ಕುಳಬಳ್ಳಿ ರಕ್ತವನ್ನು ಕೂಡಿಟ್ಟಿದ್ದೆವು. ಅದನ್ನೇ ಈಗ ಕೊಟ್ಟರೆ ವಾಸಿಯಾಗುತ್ತದೆಯೇ? ಒಂದು ಚಿಕಿತ್ಸಾಲಯದವರು ಕೀಮೋಥೆರಪಿ ಬೇಕಿಲ್ಲ, ಆರು ಸಲ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಸಾಕು ಅನ್ನುತ್ತಾರೆ. ಒಂಬತ್ತು ವರ್ಷದ ಮಗಳಿದ್ದಾಳೆ, ತೂಕ 26 ಕೆ.ಜಿ., ಅವಳದು ಥಲಸ್ಸೀಮಿಯಾ ಮೈನರ್. ಅವಳ ರಕ್ತದ ಗುಂಪು ಬೇರೆ, ಮೈನರ್ ಬೇರೆ ಇದೆ, ಹಾಗಾಗಿ ಅವಳದು ಆಗುವುದಿಲ್ಲ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೂ ಅವಳಿಂದಲೇ ತೆಗೆಯಬೇಕೆಂದರೆ ಅವಳಿಗೇನಾದರೂ ಆದೀತೆಂಬ ಭಯ. ಜೀನನ್ನೇ ತಿದ್ದುವ ಚಿಕಿತ್ಸೆ ಬಂದಿದೆಯಂತಲ್ಲ, ಅದಕ್ಕೆ ಕಾಯೋಣವೇ? ಇನ್ನೊಂದು ಮಗು ಮಾಡಿಕೊಂಡರೆ ಅದರಿಂದ ಇವನಿಗೆ ಸಹಾಯ ಆಗಬಹುದೇ?

ಉತ್ತರ: ನೀವು ಕೇಳಿರುವುದು ಐದಾರು ಪ್ರಶ್ನೆಗಳಾದರೂ ಬುಡದಲ್ಲಿರುವುದು ಎರಡೇ. ಯಾರ ಕೋಶ, ಮತ್ತು ಯಾವಾಗ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಮಗನ ಸ್ವಂತ ಹೊಕ್ಕುಳಬಳ್ಳಿ ರಕ್ತ ಈ ಕಾಯಿಲೆಗೆ ಕೆಲಸಕ್ಕೆ ಬಾರದು. ಆ ಇಂಜೆಕ್ಷನ್ ಖಂಡಿತ ಬೇಡ. ಮಗಳ ಎಚ್‌ಎಲ್‌ಎ ಪರೀಕ್ಷೆಯನ್ನು, ಅಂದರೆ ಅವಳ ಮಜ್ಜೆ ಅವನಿಗೆ ಹೊಂದುತ್ತದೆಯೇ ಎಂದು ನೋಡುವುದನ್ನು, ಈ ತಿಂಗಳೇ ಮಾಡಿಸಿ. ಇನ್ನು ಮಾತ್ರೆ ಬಿಡುವ ಆ ನಾಲ್ಕೈದು ದಿನಗಳಿವೆಯಲ್ಲ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದ ಸಾಲು ಅದೇ. ಯಾಕೆಂದು ಮುಂದೆ ಹೇಳುತ್ತೇನೆ.

ಹಿಮೋಗ್ಲೋಬಿನ್‌ನಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಸರಪಳಿಗಳಿವೆ. ಬೀಟಾ ಸರಪಳಿ ತಯಾರಿಸುವ ಸೂಚನೆ 11ನೇ ಕ್ರೋಮೋಸೋಮ್‌ನಲ್ಲಿದೆ. ನಿಮ್ಮಿಬ್ಬರಲ್ಲೂ ಆ ಜೀನ್‌ನ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಚೆನ್ನಾಗಿದೆ, ಇದೇ ಮೈನರ್. ಮಗನಿಗೆ ಬಂದದ್ದು ಎರಡೂ ಕೆಟ್ಟವು, ಇದೇ ಮೇಜರ್. ಬೀಟಾ ಇಲ್ಲದೆ ಜೊತೆ ತಪ್ಪಿದ ಆಲ್ಫಾ ಸರಪಳಿಗಳು ಗಂಟುಗಟ್ಟಿ, ಕೆಂಪು ರಕ್ತಕಣ ತಾನು ಹುಟ್ಟುವ ಮೂಳೆಯೊಳಗಿನ ಮಜ್ಜೆಯಿಂದ ಹೊರಗೆ ಬರುವ ಮೊದಲೇ ಒಳಗೇ ಸಾಯುತ್ತದೆ. ಹುಟ್ಟಿದ ಹೊಸದರಲ್ಲಿ ಅವನು ಗುಂಡುಗುಂಡಾಗಿ ಇದ್ದುದಕ್ಕೆ ಕಾರಣವಿದೆ. ಹೊಟ್ಟೆಯಲ್ಲಿದ್ದಾಗ ಮಗು ಬೀಟಾದ ಬದಲು ಗಾಮಾ ಎಂಬ ಸರಪಳಿ ಬಳಸುತ್ತದೆ. ಅದು ಹುಟ್ಟಿದ ಮೇಲೆ ಆರು ತಿಂಗಳ ಹೊತ್ತಿಗೆ ಬಹುಪಾಲು ನಿಂತುಹೋಗುತ್ತದೆ, ಆಗ ಕಾಯಿಲೆ ಮೇಲಕ್ಕೆ ಬರುತ್ತದೆ. ಈ ಗಾಮಾ ಸರಪಳಿಯನ್ನು ನೆನಪಿನಲ್ಲಿಡಿ, ಜೀನ್ ತಿದ್ದುವ ಚಿಕಿತ್ಸೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಈಗ ಕೂಡಿಟ್ಟ ರಕ್ತದ ವಿಷಯ. ಈ ತಪ್ಪು ಮಗನ ಮಜ್ಜೆಗೆ ಆಮೇಲೆ ಅಂಟಿದ್ದಲ್ಲ, ಗರ್ಭ ನಿಂತ ಮೊದಲ ಕೋಶದಲ್ಲೇ ಇದ್ದದ್ದು. ಆದ್ದರಿಂದ ಹೊಕ್ಕುಳಬಳ್ಳಿಯಲ್ಲಿದ್ದ ಪ್ರತಿಯೊಂದು ಸ್ಟೆಮ್ ಸೆಲ್‌ನಲ್ಲೂ ಅದೇ ತಪ್ಪಿದೆ. ಅದನ್ನು ವಾಪಸ್ ಕೊಟ್ಟರೆ ಈಗಿರುವ ಮಜ್ಜೆಯೇ ಮತ್ತೆ ಬೆಳೆಯುತ್ತದೆ. ಈ ಬಗ್ಗೆ ಗೊಂದಲ ಹುಟ್ಟುವುದು ಸಹಜ, ಏಕೆಂದರೆ ಹೊಕ್ಕುಳಬಳ್ಳಿ ರಕ್ತದಿಂದ ರಕ್ತದ ಕಾಯಿಲೆಗಳು ವಾಸಿಯಾಗಿರುವುದು ಸುಳ್ಳಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲೂಕ್‌ಮನ್ ಮತ್ತು ಸಂಗಡಿಗರು ಹುಟ್ಟಿನಿಂದಲೇ ಬರುವ ಫ್ಯಾನ್ಕೋನಿ ರಕ್ತಹೀನತೆಯಿದ್ದ ಹುಡುಗನಿಗೆ ಇಂಥ ಮೊದಲ ಕಸಿ ಮಾಡಿದರು. ಆದರೆ ಕೊಟ್ಟದ್ದು ಅವನ ರಕ್ತವಲ್ಲ, ಆಗತಾನೇ ಹುಟ್ಟಿದ, ಕಾಯಿಲೆಯಿಲ್ಲದ ತಂಗಿಯದು. ಹುಟ್ಟಿನಿಂದ ಬಂದ ಜೀನ್ ದೋಷಕ್ಕೆ ಬೇಕಾಗುವುದು ಯಾವಾಗಲೂ ಇನ್ನೊಬ್ಬರ ಕೋಶ, ಇಲ್ಲವೇ ತಿದ್ದಿದ ಕೋಶ.

ಚಿಕಿತ್ಸಾಲಯದವರ ಇಂಜೆಕ್ಷನ್ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಸ್ಟೆಮ್ ಸೆಲ್ ಅನ್ನುವುದು ಒಂದೇ ವಸ್ತುವಿನ ಹೆಸರಲ್ಲ. ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಬೇರೆ. ಕೊಬ್ಬಿನಿಂದಲೋ ಹೊಕ್ಕುಳಬಳ್ಳಿಯ ಅಂಗಾಂಶದಿಂದಲೋ ತೆಗೆದು ಬೆಳೆಸುವ ಮೆಸೆಂಕೈಮಲ್ ಕೋಶ ಬೇರೆ. ಎರಡನೆಯದು ರಕ್ತ ತಯಾರಿಸುವುದೇ ಇಲ್ಲ. ರಕ್ತನಾಳಕ್ಕೆ ಕೊಟ್ಟರೆ ಅದರ ಬಹುಪಾಲು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. ಒಂದು ವೇಳೆ ಅವರು ಕೊಡುವುದು ಇನ್ನೊಬ್ಬರ ನಿಜವಾದ ರಕ್ತದ ಸ್ಟೆಮ್ ಸೆಲ್ ಆಗಿದ್ದರೂ ಕೀಮೋ ಇಲ್ಲದೆ ಅದು ನೆಲೆ ನಿಲ್ಲುವುದಿಲ್ಲ. ಮಗನ ಮಜ್ಜೆ ಖಾಲಿ ಮನೆಯಲ್ಲ, ಅವನವೇ ಕೋಶಗಳಿಂದ ಕಿಕ್ಕಿರಿದಿದೆ. ಹೊರಗಿನ ಕೋಶವನ್ನು ಕೊಲ್ಲಲು ರೋಗನಿರೋಧಕ ವ್ಯವಸ್ಥೆಯೂ ಕಾದು ನಿಂತಿದೆ. ಈ ಎರಡೂ ತಡೆಗಳನ್ನು ತೆಗೆಯುವುದಕ್ಕೇ ಕೀಮೋ. ಹಾಗಾಗಿ ಥಲಸ್ಸೀಮಿಯಾದಲ್ಲಿ ‘ಕೀಮೋ ಬೇಕಿಲ್ಲ’ ಎಂಬ ಮಾತು ಕೇಳಿದ ತಕ್ಷಣ ಎಚ್ಚರವಾಗಬೇಕು.

ಕೆಲಸ ಮಾಡದಿದ್ದರೆ ಹೋಗಲಿ, ಹಾನಿಯೇನು ಎಂದು ಕೇಳಬಹುದು. ನರರೋಗವಿದ್ದ ಹುಡುಗನೊಬ್ಬನಿಗೆ ಭ್ರೂಣದ ನರಕೋಶಗಳನ್ನು ಚುಚ್ಚಿದ ಕೆಲವು ವರ್ಷಗಳ ಬಳಿಕ, ಕೊಟ್ಟವರ ಕೋಶದಿಂದಲೇ ಮಿದುಳಿನಲ್ಲಿ ಗೆಡ್ಡೆ ಬೆಳೆದದ್ದು 2009ರಲ್ಲಿ ವರದಿಯಾಯಿತು. ಕೊಬ್ಬಿನಿಂದ ತೆಗೆದ ಕೋಶವನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡದ್ದು 2017ರ ವರದಿ. ನಿಮ್ಮ ಮಗನಿಗೆ ಇವೆರಡಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಪರಕೋಶ ದೇಹಕ್ಕೆ ಹೋದ ಪ್ರತಿ ಸಲವೂ ಅದರ ವಿರುದ್ಧ ಪ್ರತಿಕಾಯ ಹುಟ್ಟುವ ಸಾಧ್ಯತೆ ಇರುತ್ತದೆ. ಮುಂದೆ ನಿಜವಾದ ಕಸಿ ಮಾಡುವಾಗ ಅದು ತಿರಸ್ಕೃತವಾಗಲು ಇದೇ ದಾರಿ ಮಾಡಿಕೊಡುತ್ತದೆ. ಯಾವುದೇ ಕಡೆ ಸ್ಟೆಮ್ ಸೆಲ್ ಅಂದರೆ ಇಷ್ಟನ್ನು ಬರವಣಿಗೆಯಲ್ಲಿ ಕೇಳಿ: ಯಾವ ಕೋಶ, ಯಾರದು, ಕೆ.ಜಿ. ತೂಕಕ್ಕೆ ಎಷ್ಟು ಸಿಡಿ34 ಕೋಶ (ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಎಣಿಸುವ ಗುರುತು), ಮೊದಲು ಯಾವ ಔಷಧದಿಂದ ಮಜ್ಜೆ ಖಾಲಿ ಮಾಡುತ್ತೀರಿ, ನೆಲೆಯೂರಿತೆಂದು ಯಾವ ಪರೀಕ್ಷೆಯಿಂದ ತೋರಿಸುತ್ತೀರಿ. ಕಸಿ ಕೇಂದ್ರದವರಿಗೆ ಇವು ದಿನನಿತ್ಯದ ಪ್ರಶ್ನೆಗಳು. ತಡವರಿಸುವವರ ಹತ್ತಿರ ಮಗುವನ್ನು ಒಯ್ಯಬೇಡಿ.

ಇನ್ನು ಮಗಳ ಮಾತು. ಮನೆಯವರು ಹೇಳುವ ಎರಡೂ ಕಾರಣ ಸರಿಯಲ್ಲ.

ರಕ್ತದ ಗುಂಪು ಹೊಂದಬೇಕಾದದ್ದು ರಕ್ತ ಕೊಡುವಾಗ. ಮಜ್ಜೆಗೆ ಹೊಂದಬೇಕಾದದ್ದು ಎಚ್‌ಎಲ್‌ಎ, ಅಂದರೆ ಕೋಶಗಳ ಮೇಲಿರುವ ಗುರುತಿನ ಚೀಟಿ. ಇದರ ಜೀನ್‌ಗಳು 6ನೇ ಕ್ರೋಮೋಸೋಮ್‌ನಲ್ಲಿ ಒಂದೇ ಗೊಂಚಲಾಗಿವೆ. ತಂದೆಯಿಂದ ಒಂದು ಗೊಂಚಲು, ತಾಯಿಯಿಂದ ಒಂದು ಗೊಂಚಲು ಬರುವುದರಿಂದ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಗುಂಪು ಬೇರೆಯಾಗಿದ್ದರೆ ಮಜ್ಜೆಯಿಂದ ಕೆಂಪು ಕಣವನ್ನೋ ಪ್ಲಾಸ್ಮಾವನ್ನೋ ಬೇರ್ಪಡಿಸಿ ಕೊಡುತ್ತಾರೆ. ಕಸಿ ಹಿಡಿದರೆ ಕೆಲವು ತಿಂಗಳಲ್ಲಿ ಮಗನ ರಕ್ತದ ಗುಂಪೇ ಅಕ್ಕನ ಗುಂಪಿಗೆ ಬದಲಾಗುತ್ತದೆ. ಮೈನರ್ ಇರುವುದೂ ಅಡ್ಡಿಯಲ್ಲ. ಅವಳ ಮಜ್ಜೆ ಬಂದ ಮೇಲೆ ಅವನೂ ಅವಳಂತೆಯೇ ಆಗುತ್ತಾನೆ: ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ರಕ್ತ ಹಾಕಿಸುವ ಅಗತ್ಯವಿಲ್ಲ. ಪರೀಕ್ಷೆಗೆ ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿ ಸಾಕು. ಎ, ಬಿ, ಸಿ, ಡಿಆರ್‌ಬಿ1, ಡಿಕ್ಯುಬಿ1 ಎಂಬ ಐದೂ ಜೀನ್‌ಗಳನ್ನು ಹೈ ರೆಸಲ್ಯೂಷನ್‌ನಲ್ಲಿ ನೋಡಬೇಕೆಂದು ಕೇಳಿ. ಒಂದೊಂದಕ್ಕೂ ಎರಡು ಪ್ರತಿ, ಹತ್ತಕ್ಕೆ ಹತ್ತು ಹೊಂದಿದರೆ ಪೂರ್ಣ ಹೊಂದಿಕೆ. ನಿಮ್ಮಿಬ್ಬರದೂ ಜೊತೆಯಲ್ಲೇ ಆಗಲಿ. ಯಾವ ಗೊಂಚಲು ಯಾರಿಂದ ಬಂತೆಂದು ತಿಳಿದರೆ ಫಲಿತಾಂಶದಲ್ಲಿ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಅವಳಿಗೆ ಏನಾಗುತ್ತದೆ ಎಂಬ ನಿಮ್ಮ ಭಯ ನ್ಯಾಯವಾದದ್ದು. ಅವಳು ರೋಗಿಯಲ್ಲ, ತನಗೆ ಯಾವ ಲಾಭವೂ ಇಲ್ಲದ ಅರಿವಳಿಕೆಗೆ ಒಳಗಾಗುತ್ತಾಳೆ. ಆದ್ದರಿಂದ ಮಗನ ವೈದ್ಯರಲ್ಲದೆ ಬೇರೊಬ್ಬ ವೈದ್ಯರು ಅವಳನ್ನು ಪರೀಕ್ಷಿಸಿ, ಅವಳ ಪರವಾಗಿ ಯೋಚಿಸಿ ಒಪ್ಪಿಗೆ ಕೊಡಬೇಕು. ಒಂಬತ್ತು ವರ್ಷದವಳಿಗೆ ವಿಷಯವನ್ನು ಅವಳ ಭಾಷೆಯಲ್ಲಿ ಹೇಳಲೂಬೇಕು. ‘ತಮ್ಮ ಉಳಿಯುವುದು ನಿನ್ನ ಕೈಯಲ್ಲಿದೆ’ ಎಂಬ ಭಾರವನ್ನು ಮಾತ್ರ ಹೊರಿಸಬೇಡಿ. ಮಜ್ಜೆ ತೆಗೆಯುವುದು ಬೆನ್ನುಹುರಿಯಿಂದಲ್ಲ, ಸೊಂಟದ ಹಿಂಭಾಗದ ಮೂಳೆಯ ಅಂಚಿನಿಂದ. ಮಗುವನ್ನು ಬೋರಲು ಮಲಗಿಸಿ, ಎರಡೂ ಬದಿಯಲ್ಲಿ ದಪ್ಪ ಸೂಜಿ ಹಾಕಿ, ಒಂದೊಂದು ಸಲಕ್ಕೆ ಐದು ಮಿ.ಲೀ. ಮೀರದಂತೆ ಎಳೆಯುತ್ತಾರೆ. ಅದಕ್ಕಿಂತ ಹೆಚ್ಚು ಎಳೆದರೆ ಮಜ್ಜೆಗಿಂತ ರಕ್ತವೇ ಜಾಸ್ತಿ ಬರುತ್ತದೆ. ಒಟ್ಟು ಒಂದರಿಂದ ಎರಡು ಗಂಟೆ. ಮಗನ ತೂಕಕ್ಕೆ ಕೆ.ಜಿ.ಗೆ 15 ಮಿ.ಲೀ. ಎಂದು ಹಿಡಿದರೆ ಬೇಕಾಗುವುದು 270 ಮಿ.ಲೀ. ಕೊಡುವವರ ತೂಕಕ್ಕೆ ಕೆ.ಜಿ.ಗೆ 20 ಮಿ.ಲೀ. ಮೀರಬಾರದು ಎಂಬ ಮಿತಿಯಂತೆ ಅವಳಿಂದ 520 ಮಿ.ಲೀ. ತನಕ ತೆಗೆಯಬಹುದು. ನಿಮ್ಮ ಲೆಕ್ಕ ಆ ಮಿತಿಯ ಅರ್ಧದ ಆಸುಪಾಸಿನಲ್ಲಿದೆ. ಒಂದು ವಾರ ಸೊಂಟ ನೋಯುತ್ತದೆ, ಪ್ಯಾರಾಸಿಟಮಾಲ್ ಸಾಕಾಗುತ್ತದೆ. ತೆಗೆದ ಮಜ್ಜೆ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಮೈನರ್ ಇರುವುದರಿಂದ ಅವಳ ಹಿಮೋಗ್ಲೋಬಿನ್ ಮೊದಲೇ ಸ್ವಲ್ಪ ಕೆಳಗಿರುತ್ತದೆ. ಕಬ್ಬಿಣದ ಮಾತ್ರೆ ಕೊಡುವುದಾದರೆ ಫೆರಿಟಿನ್ ನೋಡಿಯೇ ಕೊಡಲಿ. ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟು, ಸ್ಟೆಮ್ ಸೆಲ್‌ಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸಿ, ತೋಳಿನ ರಕ್ತನಾಳದಿಂದ ಕೋಶ ಸಂಗ್ರಹಿಸುವ ಪದ್ಧತಿಯೂ ಇದೆ. ಅವಳಿಗೆ ಅರಿವಳಿಕೆ ತಪ್ಪುತ್ತದೆ ನಿಜ, ಆದರೆ ಆ ಕೋಶಗಳ ಜೊತೆ ಪರದೇಹದ ಮೇಲೆ ದಾಳಿ ಮಾಡುವ ಟಿ ಕೋಶಗಳು ಹೆಚ್ಚು ಬರುವುದರಿಂದ ಮಗನಿಗೆ ಮುಂದೆ ದೀರ್ಘಕಾಲದ ತೊಂದರೆ ಹೆಚ್ಚು. ಥಲಸ್ಸೀಮಿಯಾದಂಥ ಕ್ಯಾನ್ಸರಲ್ಲದ ಕಾಯಿಲೆಗೆ ಮೂಳೆಯಿಂದ ತೆಗೆದ ಮಜ್ಜೆಯೇ ಮೇಲು.

ಮಗಳು ಹೊಂದಿದರೆ ಮಗನ ಮುಂದಿರುವುದು ಇದು. ಹತ್ತು ದಿನದ ಆಸುಪಾಸು ಬುಸಲ್ಫಾನ್ ಅಥವಾ ಟ್ರಿಯೋಸಲ್ಫಾನ್, ಜೊತೆಗೆ ಸೈಕ್ಲೋಫಾಸ್ಫಮೈಡ್ ಅಥವಾ ಫ್ಲುಡಾರಬಿನ್‌ನಂಥ ಔಷಧಗಳಿಂದ ಹಳೆಯ ಮಜ್ಜೆ ಖಾಲಿ ಮಾಡುತ್ತಾರೆ. ಬುಸಲ್ಫಾನ್ ಮಟ್ಟವನ್ನು ರಕ್ತದಲ್ಲಿ ಅಳೆದು ಡೋಸ್ ತಿದ್ದುವ ಸೌಲಭ್ಯ ಇದೆಯೇ ಎಂದು ಕೇಳಿ. ಕಡಿಮೆಯಾದರೆ ಕಸಿ ತಿರಸ್ಕಾರ, ಹೆಚ್ಚಾದರೆ ಯಕೃತ್ತಿನ ಸಣ್ಣ ನಾಳಗಳು ಮುಚ್ಚಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಸಿ ಅಂದಾಗ ಶಸ್ತ್ರಚಿಕಿತ್ಸೆ ಕಣ್ಣ ಮುಂದೆ ಬರುತ್ತದೆ, ಆದರೆ ಆ ದಿನ ನೀವು ನೋಡುವುದು ಇಷ್ಟೇ: ಎದೆಯ ಕೊಳವೆಗೆ ಜೋಡಿಸಿದ ಗಾಢ ಕೆಂಪು ಚೀಲವೊಂದು ಕೆಲವು ಗಂಟೆ ಹೊತ್ತು ಹನಿಯುತ್ತದೆ. ಐದು ವರ್ಷ ರಕ್ತ ಹಾಕಿಸಿದ ನಿಮ್ಮ ಕಣ್ಣಿಗೆ ಒಂದು ವ್ಯತ್ಯಾಸ ಥಟ್ಟನೆ ಕಾಣುತ್ತದೆ, ಆ ಕೊಳವೆಯಲ್ಲಿ ಬಿಳಿ ರಕ್ತಕಣ ತಡೆಯುವ ಫಿಲ್ಟರ್ ಇರುವುದಿಲ್ಲ. ಅದನ್ನು ಹಾಕಿದರೆ ಸ್ಟೆಮ್ ಸೆಲ್‌ಗಳೇ ಅದರಲ್ಲಿ ಉಳಿದುಬಿಡುತ್ತವೆ. ರಕ್ತಕ್ಕೆ ಹೋದ ಕೋಶಗಳು ತಾವಾಗಿ ದಾರಿ ಹಿಡಿದು ಮೂಳೆಯೊಳಗೆ ಸೇರುತ್ತವೆ.

ಆಮೇಲಿನ ಎರಡು ಮೂರು ವಾರ ಅತ್ಯಂತ ಕಷ್ಟದ್ದು. ಬಿಳಿ ಕಣ ಸೊನ್ನೆಯ ಹತ್ತಿರ, ಬಾಯಿ ತುಂಬ ಹುಣ್ಣು, ಜ್ವರ, ಕೂದಲು ಉದುರುವುದು. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಸತತ ಮೂರು ದಿನ 500 ದಾಟಿದರೆ ಕಸಿ ಹಿಡಿಯಿತೆನ್ನುತ್ತಾರೆ. ಮುಂದಿನ ಆತಂಕ ಎರಡು. ಒಂದು, ಅಕ್ಕನ ಕೋಶಗಳು ತಮ್ಮನ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುವುದು. ಅದನ್ನು ತಡೆಯಲು ಸೈಕ್ಲೋಸ್ಪೊರಿನ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಇನ್ನೊಂದು, ಮಗನ ಹಳೆಯ ಮಜ್ಜೆ ನಿಧಾನವಾಗಿ ಮತ್ತೆ ತಲೆ ಎತ್ತುವುದು. ದಾನಿ ಹುಡುಗಿ, ಪಡೆದವನು ಹುಡುಗ ಆದ್ದರಿಂದ ರಕ್ತಕೋಶಗಳಲ್ಲಿ ಎಕ್ಸ್‌ಎಕ್ಸ್ ಎಷ್ಟು, ಎಕ್ಸ್‌ವೈ ಎಷ್ಟು ಎಂದು ಎಣಿಸಿದರೂ ಇದು ಗೊತ್ತಾಗುತ್ತದೆ. ನೂರಕ್ಕೆ ನೂರು ಅಕ್ಕನದೇ ಇರಬೇಕೆಂದಿಲ್ಲ. ಶೇ 30ರಷ್ಟು ಸ್ಥಿರವಾಗಿ ನಿಂತು, ರಕ್ತದ ಅಗತ್ಯವಿಲ್ಲದೆ ಇರುವವರೂ ಇದ್ದಾರೆ. ಆದರೆ ಅಂಕಿ ಇಳಿಯುತ್ತಾ ಹೋದರೆ ತಕ್ಷಣ ಔಷಧ ಹೊಂದಿಸಬೇಕು.

ಫಲಿತಾಂಶದ ಬಗ್ಗೆ ಸಕ್ಕರೆ ಹಚ್ಚದೆ ಹೇಳುತ್ತೇನೆ. ಪೂರ್ಣ ಹೊಂದಿದ ಒಡಹುಟ್ಟಿದವರಿಂದ ಮಾಡಿದ ಕಸಿಯಲ್ಲಿ ಹತ್ತು ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳು ರಕ್ತದ ಹಂಗಿಲ್ಲದೆ ಬದುಕುತ್ತಾರೆ. ನೂರರಲ್ಲಿ ಐದರಿಂದ ಹತ್ತು ಮಕ್ಕಳು ಕಸಿಯಿಂದಲೇ ತೀರಿಕೊಳ್ಳುತ್ತಾರೆ. ಉಳಿದವರು ಕಸಿ ಬಿದ್ದುಹೋಗಿ ಮತ್ತೆ ಥಲಸ್ಸೀಮಿಯಾಕ್ಕೇ ಮರಳುತ್ತಾರೆ. ಹದಿನಾಲ್ಕು ವರ್ಷ ದಾಟಿದರೆ ಈ ಅಂಕಿಗಳು ಕೆಳಗಿಳಿಯುತ್ತವೆ. ರಕ್ತ ಹಾಕಿಸುತ್ತಾ, ಕಬ್ಬಿಣ ಸರಿಯಾಗಿ ತೆಗೆಸುತ್ತಾ ಹೋದವರು ದಶಕಗಳ ಕಾಲ ಬದುಕಿ ಸಂಸಾರ ಮಾಡಿದ್ದಾರೆ ಎಂಬುದೂ ಅಷ್ಟೇ ನಿಜ. ಹಾಗಾಗಿ ಕಸಿ ಬೇಡವೆನ್ನುವುದು ಮಗುವಿಗೆ ಮಾಡುವ ಅನ್ಯಾಯವಲ್ಲ. ಪೂರ್ಣ ಹೊಂದುವ ಅಕ್ಕ ಇದ್ದು, ಯಕೃತ್ತು ಚೆನ್ನಾಗಿದ್ದರೆ ಏಳು ವರ್ಷದೊಳಗೆ ಮಾಡಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಯಕೃತ್ತು ಚೆನ್ನಾಗಿದ್ದರೆ ಎಂದೆನಲ್ಲ, ಮಾತ್ರೆಯ ವಿಷಯ ಬರುವುದೇ ಇಲ್ಲಿ. ಇಟಲಿಯ ಪೆಸಾರೊದಲ್ಲಿ ಗುಯಿಡೊ ಲುಕರೆಲ್ಲಿ ತಂಡ ನೂರಾರು ಕಸಿಗಳ ಅನುಭವದಿಂದ ಅಪಾಯ ಅಳೆಯುವ ಮೂರು ಮಾನದಂಡ ಕೊಟ್ಟಿತು: ಯಕೃತ್ತು ಪಕ್ಕೆಲುಬಿನಿಂದ ಎರಡು ಸೆಂ.ಮೀ.ಗಿಂತ ಹೆಚ್ಚು ಕೆಳಗಿಳಿದಿದೆಯೇ, ಅದರಲ್ಲಿ ನಾರು ಕಟ್ಟಿದೆಯೇ, ಕಬ್ಬಿಣ ತೆಗೆಯುವ ಔಷಧ ಕ್ರಮವಾಗಿ ನಡೆದಿದೆಯೇ. ಮೂರೂ ಸರಿಯಿದ್ದರೆ ಮೊದಲ ವರ್ಗ, ಮೂರೂ ಕೆಟ್ಟಿದ್ದರೆ ಮೂರನೆಯ ವರ್ಗ, ಅಲ್ಲಿ ಅಪಾಯ ಬಹಳ ಹೆಚ್ಚು. ಬಿಟ್ಟುಬಿಟ್ಟು ಮಾತ್ರೆ ಕೊಡುವುದರಿಂದ ಮೂರರಲ್ಲಿ ಒಂದು ಈಗಾಗಲೇ ನಿಮ್ಮ ಕೈತಪ್ಪಿದೆ. ಉಳಿದೆರಡು ಕೆಡುವುದಕ್ಕೂ ಇದೇ ಕಾರಣ.

ಲೆಕ್ಕ ನೋಡಿ. ಸಾಮಾನ್ಯವಾಗಿ ಕೊಡುವಂತೆ ಕೆ.ಜಿ.ಗೆ 15 ಮಿ.ಲೀ. ಎಂದರೆ ಮಗನಿಗೆ ಸಲಕ್ಕೆ 270 ಮಿ.ಲೀ. ಕೆಂಪು ಕಣ. ಅದರಲ್ಲಿ ಸುಮಾರು 175 ಮಿ.ಗ್ರಾಂ. ಕಬ್ಬಿಣವಿದೆ. ವರ್ಷಕ್ಕೆ ಹದಿನೇಳು ಸಲ ಅಂದರೆ ಹತ್ತಿರಹತ್ತಿರ 3 ಗ್ರಾಂ. ದೊಡ್ಡವರೊಬ್ಬರ ಇಡೀ ದೇಹದಲ್ಲಿರುವುದೇ 3–4 ಗ್ರಾಂ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಹೆಚ್ಚೆಂದರೆ ಒಂದು ಮಿ.ಗ್ರಾಂ., ಒಳಬರುತ್ತಿರುವುದು ದಿನಕ್ಕೆ ಎಂಟು. ತಿಂಗಳಲ್ಲಿ ಐದು ದಿನ ಮಾತ್ರೆ ತಪ್ಪಿದರೆ ವರ್ಷದಲ್ಲಿ ಎರಡು ತಿಂಗಳು ಆ ಎಂಟೂ ಮಿ.ಗ್ರಾಂ. ಯಕೃತ್ತು, ಹೃದಯ, ಗ್ರಂಥಿಗಳಲ್ಲಿ ಕೂರುತ್ತಾ ಹೋಗುತ್ತದೆ. ಹೊಟ್ಟೆನೋವಿಗೆ ಪರಿಹಾರ ಮಾತ್ರೆ ನಿಲ್ಲಿಸುವುದಲ್ಲ. ನೀರಿನಲ್ಲಿ ಕರಗಿಸಿ ಖಾಲಿ ಹೊಟ್ಟೆಗೆ ಕೊಡುವ ಬಗೆಯಾಗಿದ್ದರೆ, ಲಘು ಊಟದೊಂದಿಗೆ ಕೊಡಬಹುದಾದ ಲೇಪಿತ ಮಾತ್ರೆಗೆ ಬದಲಾಯಿಸಲು ಕೇಳಿ. ಡೋಸ್ ಒಂದೇ ಅಲ್ಲ: ಕರಗಿಸುವುದು ಕೆ.ಜಿ.ಗೆ 20–40 ಮಿ.ಗ್ರಾಂ., ಲೇಪಿತ 14–28, ವೈದ್ಯರೇ ಬದಲಾಯಿಸಬೇಕು. ಆಗಲೂ ಒಗ್ಗದಿದ್ದರೆ ರಾತ್ರಿ ಹೊತ್ತು ಪಂಪ್‌ನಲ್ಲಿ ಚರ್ಮದಡಿ ಕೊಡುವ ಡೆಸ್ಫೆರಿಯಾಕ್ಸಮಿನ್ ಇದೆ. ಡೆಫೆರಿಪ್ರೋನ್ ಕೂಡ ಇದೆ, ಆದರೆ ಅದು ಬಿಳಿ ರಕ್ತಕಣವನ್ನು ದಿಢೀರ್ ಇಳಿಸಬಹುದು. ಜ್ವರ ಬಂದ ದಿನವೇ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಡೆಫೆರಾಸಿರಾಕ್ಸ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾದ ಸಂದರ್ಭವೆಂದರೆ ವಾಂತಿಭೇದಿಯಾಗಿ ದೇಹದ ನೀರು ಹೋದಾಗ, ಮೂತ್ರಪಿಂಡಕ್ಕೆ ಪೆಟ್ಟಾಗದಿರಲಿ ಎಂದು. ಆಗಲೂ ವೈದ್ಯರಿಗೆ ಹೇಳಿಯೇ. ಬರೀ ಫೆರಿಟಿನ್ ನಂಬಬೇಡಿ, ಸೋಂಕು ಇದ್ದರೂ ಅದು ಏರುತ್ತದೆ. ಯಕೃತ್ತಿನ ಕಬ್ಬಿಣ ಅಳೆಯುವ ಎಂಆರ್‌ಐ ಕಸಿಗೆ ಮೊದಲು ಆಗಲೇಬೇಕು.

ಕಸಿಯ ಯೋಚನೆ ಇರುವ ತನಕ ಇನ್ನೊಂದು ಕಟ್ಟುನಿಟ್ಟು. ತಂದೆ, ತಾಯಿ, ಚಿಕ್ಕಪ್ಪ, ಅತ್ತೆ, ಯಾವ ರಕ್ತಸಂಬಂಧಿಯ ರಕ್ತವನ್ನೂ ಮಗನಿಗೆ ಹಾಕಿಸಬೇಡಿ. ಪ್ರೀತಿಯಿಂದ ಕೊಟ್ಟ ಆ ರಕ್ತವೇ ಮುಂದೆ ಅಕ್ಕನ ಮಜ್ಜೆಯನ್ನು ತಿರಸ್ಕರಿಸಲು ದೇಹಕ್ಕೆ ಕಲಿಸಿಕೊಡಬಹುದು. ಬಿಳಿ ಕಣ ತೆಗೆದ ರಕ್ತವನ್ನೇ ಪ್ರತಿ ಸಲ ಕೇಳಿ.

ಮಗಳು ಹೊಂದದಿದ್ದರೆ ದಾನಿಗಳ ನೋಂದಣಿಯಲ್ಲಿ ಹುಡುಕಬಹುದು. ಹತ್ತಕ್ಕೆ ಹತ್ತು ಸಿಕ್ಕಿದರೆ ಅನುಭವಿ ಕೇಂದ್ರಗಳಲ್ಲಿ ಫಲಿತಾಂಶ ಒಡಹುಟ್ಟಿದವರದಕ್ಕೆ ಹತ್ತಿರ ಬರುತ್ತದೆ. ನಿಮ್ಮಿಂದ ಅಥವಾ ತಂದೆಯಿಂದ ಮಾಡುವ ಅರ್ಧ ಹೊಂದಿಕೆಯ ಕಸಿ ಕೂಡ ನಡೆಯುತ್ತಿದೆ, ಆದರೆ ಥಲಸ್ಸೀಮಿಯಾದಲ್ಲಿ ಕಸಿ ಬಿದ್ದುಹೋಗುವ ಸಾಧ್ಯತೆ ಅಲ್ಲಿ ಹೆಚ್ಚು. ಇದನ್ನೇ ಹೆಚ್ಚಾಗಿ ಮಾಡುವ ಕಡೆ ಮಾತ್ರ ಯೋಚಿಸಿ.

ಜೀನ್ ಚಿಕಿತ್ಸೆ ಎರಡು ಬಗೆ. ಒಂದರಲ್ಲಿ ಮಗುವಿನದೇ ಸ್ಟೆಮ್ ಸೆಲ್ ತೆಗೆದು, ನಿಷ್ಕ್ರಿಯ ವೈರಸ್ಸಿನ ಮೂಲಕ ಕೆಲಸ ಮಾಡುವ ಬೀಟಾ ಜೀನ್ ಸೇರಿಸುತ್ತಾರೆ. ಇದಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಮಕ್ಕಳಿಗೂ ಸೇರಿ. ಇನ್ನೊಂದರಲ್ಲಿ ಕ್ರಿಸ್ಪರ್ ಎಂಬ ಕತ್ತರಿ ಬಳಸುತ್ತಾರೆ. ಜನ ಅಂದುಕೊಂಡಂತೆ ಅದು ಕೆಟ್ಟ ಬೀಟಾ ಜೀನನ್ನು ತಿದ್ದುವುದಿಲ್ಲ. ಹುಟ್ಟಿದ ಮೇಲೆ ಗಾಮಾ ಸರಪಳಿಯನ್ನು ನಿಲ್ಲಿಸುವ ಬಿಸಿಎಲ್11ಎ ಎಂಬ ಸ್ವಿಚ್ಚನ್ನು ಕೆಂಪು ರಕ್ತಕಣಗಳಾಗುವ ಕೋಶಗಳಲ್ಲಿ ಮಾತ್ರ ಕೆಡಿಸುತ್ತದೆ. ಸ್ವಿಚ್ ಕೆಟ್ಟರೆ ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. ಪ್ರಯೋಗದಲ್ಲಿ 35 ಮಂದಿಯಲ್ಲಿ 32 ಮಂದಿಗೆ ಕನಿಷ್ಠ ಒಂದು ವರ್ಷ ರಕ್ತ ಬೇಕಾಗಲಿಲ್ಲ. 2023ರ ನವೆಂಬರ್‌ನಲ್ಲಿ ಬ್ರಿಟನ್, 2024ರ ಜನವರಿಯಲ್ಲಿ ಅಮೆರಿಕ ಥಲಸ್ಸೀಮಿಯಾಕ್ಕೆ ಅನುಮತಿ ಕೊಟ್ಟಾಗ ಅದು 12 ವರ್ಷ ಆದವರಿಗಷ್ಟೇ ಇತ್ತು.

ಕೋಶ ಸ್ವಂತದ್ದೇ ಆದ್ದರಿಂದ ಅದು ದೇಹದ ಮೇಲೆ ತಿರುಗಿಬೀಳುವ ಭಯ ಇಲ್ಲಿ ಇಲ್ಲ, ಇದು ದೊಡ್ಡ ಲಾಭ. ಆದರೆ ಬುಸಲ್ಫಾನ್ ಇಲ್ಲಿಯೂ ಪೂರ್ಣ ಪ್ರಮಾಣದಲ್ಲಿ ಬೇಕು. ಬಂಜೆತನ, ಯಕೃತ್ತಿನ ತೊಂದರೆ, ಸೋಂಕು ಯಾವುದೂ ತಪ್ಪುವುದಿಲ್ಲ. ಕೋಶ ಸಂಗ್ರಹಿಸಲು ಹಲವು ದಿನ ಯಂತ್ರಕ್ಕೆ ಕೂರಬೇಕು, ತಯಾರಿಕೆಗೆ ತಿಂಗಳುಗಳು ಹಿಡಿಯುತ್ತವೆ. ವೈರಸ್ ಬಳಸುವ ಬಗೆಯಲ್ಲಿ ಹೊಸ ಜೀನ್ ತಪ್ಪು ಜಾಗದಲ್ಲಿ ಕೂತರೆ ಕ್ಯಾನ್ಸರ್ ಹುಟ್ಟಬಹುದು. ಎರಡು ಸಾವಿರದ ದಶಕದ ಆರಂಭದಲ್ಲಿ, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಬೇರೊಂದು ಬಗೆಯ ವೈರಸ್ಸಿನಿಂದ ಚಿಕಿತ್ಸೆ ಮಾಡಿದಾಗ ಕೆಲವರಿಗೆ ರಕ್ತ ಕ್ಯಾನ್ಸರ್ ಬಂದಿತ್ತು. ಈಗಿನ ವೈರಸ್‌ಗಳನ್ನು ಹೆಚ್ಚು ಎಚ್ಚರದಿಂದ ಕಟ್ಟಿದ್ದಾರೆ, ಆದರೂ ಚಿಕಿತ್ಸೆ ಪಡೆದವರ ಮೇಲೆ ಹದಿನೈದು ವರ್ಷ ಕಣ್ಣಿಡುವುದು ಈ ಕಾರಣಕ್ಕೇ. ಪೂರ್ಣ ಹೊಂದುವ ಅಕ್ಕ ಮನೆಯಲ್ಲಿದ್ದೂ ಹನ್ನೆರಡು ತುಂಬಲೆಂದು ಆರು ವರ್ಷ ಕಾಯುವುದೆಂದರೆ ಮಗನ ಮೈಗೆ ಇನ್ನೂ ಹದಿನೆಂಟು ಗ್ರಾಂ ಕಬ್ಬಿಣ ಇಳಿಸಿ, ಅದನ್ನೆಲ್ಲ ತೆಗೆಸುವ ಹೊಣೆ ಹೊರುವುದು. ಅಕ್ಕ ಹೊಂದದಿದ್ದರೆ ಮಾತ್ರ, ಯಕೃತ್ತು ಹೃದಯಗಳನ್ನು ಜೋಪಾನ ಮಾಡಿಕೊಂಡು ಇದಕ್ಕೆ ಕಾಯುವುದರಲ್ಲಿ ಅರ್ಥವಿದೆ.

ಇನ್ನೊಂದು ಮಗುವಿನ ಲೆಕ್ಕ ಹೀಗೆ. ಥಲಸ್ಸೀಮಿಯಾ ಮೇಜರ್ ಆಗದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು, ಎಚ್‌ಎಲ್‌ಎ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡೂ ಕೂಡಿ ಬರುವುದು ಹದಿನಾರರಲ್ಲಿ ಮೂರು, ಅಂದರೆ ಶೇ 19ರಷ್ಟು. ಪ್ರನಾಳ ಶಿಶು ವಿಧಾನದಲ್ಲಿ ಭ್ರೂಣವನ್ನು ಮೊದಲೇ ಪರೀಕ್ಷಿಸಿ ಆರಿಸಬಹುದು, ಆದರೆ ಹೊಂದುವ ಭ್ರೂಣ ಸಿಗುವುದು ಈ ಲೆಕ್ಕದಂತೆ ಐದಾರರಲ್ಲಿ ಒಂದು. ಇನ್ನೊಂದು ಮಗು ನಿಮಗೆ ಬೇಕಿದ್ದರೆ ಅದು ಬೇರೆ ಮಾತು. ಆಗ 11–12ನೇ ವಾರದಲ್ಲಿ ಗರ್ಭದ ಮಾಸುವಿನ ತುಣುಕು ತೆಗೆದು ಥಲಸ್ಸೀಮಿಯಾ ಪರೀಕ್ಷೆ ಮಾಡಿಸಿ. ಹೆರಿಗೆಯಲ್ಲಿ ಹೊಕ್ಕುಳಬಳ್ಳಿ ರಕ್ತ ಕೂಡಿಡಿ. ಅದು ಅಣ್ಣನಿಗೆ ಕೊಡಲೆಂದು ಕೂಡಿಟ್ಟದ್ದಾಗಿರುತ್ತದೆ, ಆ ಕೂಡಿಡುವಿಕೆಗೆ ಅರ್ಥವಿದೆ. ಮಗನ ಔಷಧವಾಗಲಿ ಎಂಬ ಒಂದೇ ಕಾರಣಕ್ಕೆ ಮಾತ್ರ ಈ ದಾರಿ ಹಿಡಿಯಬೇಡಿ, ಮಗಳ ಫಲಿತಾಂಶ ಬರುವ ಮೊದಲಂತೂ ಬೇಡವೇ ಬೇಡ.

ಕಸಿ ಗೆದ್ದ ಮೇಲೂ ಹಳೆಯ ಕಬ್ಬಿಣ ಒಳಗೇ ಇರುತ್ತದೆ. ಒಂದು ವರ್ಷದ ನಂತರ, ಹಿಮೋಗ್ಲೋಬಿನ್ ಚೆನ್ನಾಗಿದ್ದರೆ, ಎರಡು ವಾರಕ್ಕೊಮ್ಮೆ ಕೆ.ಜಿ.ಗೆ 6 ಮಿ.ಲೀ. ರಕ್ತ ಹೊರತೆಗೆದು ಅದನ್ನು ಇಳಿಸುತ್ತಾರೆ. ಬಾಲ್ಯದ ಲಸಿಕೆಗಳನ್ನೆಲ್ಲ ಮತ್ತೆ ಹಾಕಿಸಬೇಕು. ಬುಸಲ್ಫಾನ್‌ನಿಂದ ಮುಂದೆ ಮಕ್ಕಳಾಗದಿರುವ ಸಾಧ್ಯತೆಯ ಬಗ್ಗೆ ಕೀಮೋಗೆ ಮೊದಲೇ ಮಾತಾಡಿ. ಇಷ್ಟು ಚಿಕ್ಕ ಹುಡುಗರಲ್ಲಿ ವೃಷಣದ ಅಂಗಾಂಶ ಶೈತ್ಯದಲ್ಲಿಡುವುದು ಇನ್ನೂ ಪ್ರಯೋಗದ ಹಂತದಲ್ಲಿದೆ. ಮಕ್ಕಳಾಗುವುದಾದರೆ ಒಂದು ಸಂಗತಿ ಅವನಿಗೆ ಗೊತ್ತಿರಬೇಕು: ಬದಲಾದದ್ದು ಅವನ ರಕ್ತ, ವೀರ್ಯವಲ್ಲ. ಅಲ್ಲಿ ಎರಡೂ ಬೀಟಾ ಜೀನ್‌ಗಳು ಹಾಗೆಯೇ ಇರುತ್ತವೆ, ಆದ್ದರಿಂದ ಅವನ ಪ್ರತಿ ಮಗುವೂ ಕನಿಷ್ಠ ಮೈನರ್ ಆಗಿಯೇ ಹುಟ್ಟುತ್ತದೆ. ಅವನ ಸಂಗಾತಿಯಾಗುವವಳು ತನಗೆ ಮೈನರ್ ಇದೆಯೇ ಎಂದು ತಿಳಿಯಲು, ಹಿಮೋಗ್ಲೋಬಿನ್‌ನ ಒಂದು ಬಗೆಯನ್ನು ಅಳೆಯುವ ಎಚ್‌ಬಿಎ2 ಪರೀಕ್ಷೆ ಮಾಡಿಸಿಕೊಳ್ಳಬೇಕು. ಶೇ 3.5 ದಾಟಿದ್ದರೆ ಅವಳೂ ಮೈನರ್ ಇರಬಹುದು. ಹಾಗಿದ್ದರೆ ಪ್ರತಿ ಗರ್ಭದಲ್ಲೂ ಮೇಜರ್ ಆಗುವ ಸಾಧ್ಯತೆ ಅರ್ಧಕ್ಕರ್ಧ. ಮಗಳಿಗೂ ಮದುವೆಗೆ ಮುಂಚೆ ಇದೇ ಮಾತು ಹೇಳಿಡಿ. ಅವಳ ಸಂಗಾತಿಯೂ ಮೈನರ್ ಆಗಿದ್ದರೆ, ನೀವಿಬ್ಬರೂ ಗೊತ್ತಿಲ್ಲದೆ ಎದುರಿಸಿದ ನಾಲ್ಕರಲ್ಲಿ ಒಂದು ಎಂಬ ಲೆಕ್ಕ ಅವಳಿಗೆ ಮೊದಲೇ ಗೊತ್ತಿರುತ್ತದೆ.